ಎಂಟನೇ ಸರ್ವರ್, ನಾಲ್ಕನೇ ಫೈಲ್

(ದಾವಣಗೆರೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ಊರಲ್ಲಿ ಸಂಜೆ ಐದೂವರೆಗೆ ಭಾಷಣ ಇಟ್ಟರೆ ಕೇಳುವವರ ದೇಹ ಮಾತ್ರ ಸಭಾಂಗಣದಲ್ಲಿರುತ್ತೆ, ಮನಸ್ಸು ಮಿರ್ಚಿ ಮಂಡಕ್ಕಿ ಗಾಡಿ ಹತ್ತಿರ ನಿಂತಿರುತ್ತೆ. ನನಗೂ ಅಷ್ಟೇ. ಬೇಗ ಬಿಡ್ತೀನಿ.

ನನಗೆ ಕೊಟ್ಟ ವಿಷಯ, ಬಿಲ್ಡ್ (ಬರೆದ ಕೋಡನ್ನು ಓಡುವ ಸಾಫ್ಟ್‌ವೇರ್ ಮಾಡೋದು) ಮತ್ತು ಡಿಪ್ಲಾಯ್‌ಮೆಂಟನ್ನು (ಅದನ್ನು ಸರ್ವರ್‌ಗೆ ಏರಿಸೋದು) ತಾನಾಗಿ ಮಾಡುವ ಸೇವೆಗಳಲ್ಲಿ ಯಾವುದು ಮೇಲು ಅನ್ನೋದು. ಅದಕ್ಕೆ ಮೊದಲು ನನ್ನದೇ ಒಂದು ಎಡವಟ್ಟು ಕೇಳಿ.

ನಮ್ಮದು ಆರು ಜನರ ತಂಡ. ಎಪಿಎಂಸಿಯ ಒಂದು ದಲಾಲಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ವಿ. ಮೆಕ್ಕೆಜೋಳದ ಸುಗ್ಗಿ ಕಾಲ. ಶನಿವಾರ ರಾತ್ರಿ ನಾನೇ ಕೂತು ಹೊಸ ಆವೃತ್ತಿಯನ್ನು ಕೈಯಾರೆ ಸರ್ವರ್‌ಗೆ ಏರಿಸಿದೆ. ಏರಿಸಬೇಕಿದ್ದದ್ದು ನಾಲ್ಕು ಫೈಲು, ಏರಿಸಿದ್ದು ಮೂರು. ಉಳಿದುಹೋದದ್ದು ಹಮಾಲಿ ದರದ ಫೈಲು. ಸೋಮವಾರ ಬೆಳಿಗ್ಗೆ ಲಾರಿಗಳು ಸಾಲುಗಟ್ಟಿವೆ, ತೂಕದ ಚೀಟಿ ಬರ್ತಿದೆ, ಬಿಲ್ಲೂ ಅಚ್ಚಾಗ್ತಿದೆ. ಸಾಫ್ಟ್‌ವೇರ್ ಎಲ್ಲೂ ಕಿಟಾರ್ ಅನ್ನಲಿಲ್ಲ. ಹಮಾಲಿ ಅನ್ನೋ ಸಾಲಿನ ಮುಂದೆ ತಣ್ಣಗೆ 0.00. ತಪ್ಪು ಹಿಡಿದದ್ದು ನಮ್ಮ ಟೆಸ್ಟರ್ ಅಲ್ಲ, ಹೆಗಲ ಮೇಲೆ ಟವೆಲ್ ಹಾಕಿದ್ದ ಒಬ್ಬ ಹಿರಿಯ ಹಮಾಲರು. ಚೀಟಿ ಎತ್ತಿ ಹಿಡಿದು, "ಏನ್ರೀ ಸಾಹುಕಾರ್ರೇ, ಇವತ್ತು ಪುಕ್ಕಟೆ ಹೊತ್ತೀವೇನ್ರೀ ನಾವು?" ಅಂದರಂತೆ.

ಅವಮಾನ ತಡೆಯಲಾರದೆ ಹುಡುಕಿದಾಗ ನನಗಿಂತ ದೊಡ್ಡವರು ಸಿಕ್ಕರು. 2012ರ ಆಗಸ್ಟ್ 1, ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನೋ ಷೇರು ವಹಿವಾಟಿನ ಸಂಸ್ಥೆ. ಎಂಟು ಸರ್ವರ್‌ಗೆ ಹೊಸ ಕೋಡ್ ಹೋಗಬೇಕಿತ್ತು, ಏಳಕ್ಕೆ ಹೋಯಿತು. ಎಂಟನೆಯದರಲ್ಲಿ 2003ರಿಂದ ಬಳಸದೆ ಬಿಟ್ಟಿದ್ದ ಹಳೇ ಕೋಡ್ ಎದ್ದು ಕೂತು ಆರ್ಡರ್ ಮೇಲೆ ಆರ್ಡರ್ ಹಾಕಿತು. 45 ನಿಮಿಷದಲ್ಲಿ ಆದ ನಷ್ಟ 44 ಕೋಟಿ ಡಾಲರ್‌ಗೂ ಹೆಚ್ಚು. ಅವರು ಎಂಟನೇ ಸರ್ವರ್ ಮರೆತರು, ನಾನು ನಾಲ್ಕನೇ ಫೈಲ್ ಮರೆತೆ. ರೋಗ ಒಂದೇ. ಮನುಷ್ಯನ ಕೈ ಒಂದೇ ಕೆಲಸವನ್ನ ನೂರು ಸಲ ಒಂದೇ ಥರ ಮಾಡಲ್ಲ.

ಆ ವಾರವೇ, ಈ ಕೆಲಸವನ್ನ ತಾನಾಗಿ ಮಾಡುವ ಜೆಂಕಿನ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದ್ವಿ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ ಶುರುಮಾಡಿದ್ದು ಇದು. ಆಗ ಹೆಸರು ಹಡ್ಸನ್. ಸನ್ ಒರಾಕಲ್ ಪಾಲಾದ ಮೇಲೆ ಹೆಸರಿನ ಜಗಳ ಬಂದು 2011ರಲ್ಲಿ ಜೆಂಕಿನ್ಸ್ ಆಯಿತು. ಪುಕ್ಕಟೆ, 1,800ಕ್ಕೂ ಹೆಚ್ಚು ಪ್ಲಗಿನ್ (ಬೇಕಾದಾಗ ಸೇರಿಸಿಕೊಳ್ಳುವ ಬಿಡಿಭಾಗ), ಏನು ಬೇಕಾದರೂ ಮಾಡಿಸಬಹುದು. ಆದರೆ ಯಂತ್ರ ನಿಮ್ಮದು. ನಮ್ಮದು ಮೆಟ್ಟಿಲ ಕೆಳಗಿನ ಹಳೇ ಡೆಸ್ಕ್‌ಟಾಪ್. ಕರೆಂಟ್ ಹೋದರೆ, ಡಿಸ್ಕ್ ತುಂಬಿದರೆ, ಒಂದು ಪ್ಲಗಿನ್ ಅಪ್‌ಡೇಟ್ ಮಾಡಿ ಇನ್ನೆರಡು ಮುನಿಸಿಕೊಂಡರೆ, ಓಡಬೇಕಾದವನು ನಾನೇ.

ಅದಕ್ಕಿಂತ ಕಾಡಿದ್ದು ಇನ್ನೊಂದು. ಜೋಳ ಬೀಸಿಸೋಕೆ ಗಿರಣಿಗೆ ಕಳಿಸುವಾಗ ನಮ್ಮವ್ವ ಹೇಳ್ತಿದ್ದಳು, "ಮೊದಲು ಖಾರ ಬೀಸಿದಾರೇನು ನೋಡ್ಕೊಂಡು ಹಾಕ್ಸು" ಅಂತ. ಕಲ್ಲಿನಲ್ಲಿ ಉಳಿದ ಮೆಣಸಿನಕಾಯಿ ಘಾಟು ರೊಟ್ಟಿಗೆ ಬರುತ್ತೆ. ನಮ್ಮ ಜೆಂಕಿನ್ಸ್ ಡಬ್ಬಿಯಲ್ಲೂ ಹಿಂದಿನ ಬಿಲ್ಡಿನ ಘಾಟು ಉಳೀತಿತ್ತು. ಒಬ್ಬ ಹುಡುಗ ನಮ್ಮ ಕೋಡಿಗೆ ಬೇಕಾದವುಗಳ ಪಟ್ಟಿಯಿಂದ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತೆಗೆದಿದ್ದ, ಡಿಸ್ಕಿನಲ್ಲಿ ಅದು ಹಾಗೇ ಬಿದ್ದಿತ್ತು. ನಮ್ಮಲ್ಲಿ ಟೆಸ್ಟ್ ಪಾಸಾಗಿ ಹಸಿರು, ಗಿರಾಕಿಯ ಸರ್ವರ್‌ನಲ್ಲಿ ಮಣ್ಣು. ಪ್ರತಿ ಬಿಲ್ಡಿಗೂ ಜಾಗ ಗುಡಿಸುವಂತೆ ಜೆಂಕಿನ್ಸ್‌ಗೆ ಹೇಳಬಹುದು, ನಿಜ. ಹೇಳಬೇಕು ಅಂತ ಗೊತ್ತಾಗೋದು ಕೆಟ್ಟ ಮೇಲೆ.

ಕೋಡ್ ಇಡುವ ತಾಣ ಗಿಟ್‌ಹಬ್. ಅದರದ್ದೇ ಸೇವೆ ಗಿಟ್‌ಹಬ್ ಆಕ್ಷನ್ಸ್ ಬಳಸಿದರೆ ಪ್ರತಿ ಜಾಬ್‌ಗೂ (ಒಂದು ಸಲದ ಕೆಲಸಕ್ಕೂ) ಅವರು ತೊಳೆದಿಟ್ಟ ಹೊಸ ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರ್, ಕೊಡ್ತಾರೆ, ಮುಗಿದ ಮೇಲೆ ಬಿಸಾಡ್ತಾರೆ. ಇಂಥದೇ ಸೇವೆ ಕೊಡುವ ಗಿಟ್‌ಲ್ಯಾಬ್, ಸರ್ಕಲ್‌ಸಿಐಗಳದ್ದೂ ಹೆಚ್ಚುಕಡಿಮೆ ಇದೇ ದಾರಿ. ಕೊಡಬೇಕಾದದ್ದು ನಿಮಿಷದ ಬಾಡಿಗೆ. ನಾವು ಸೇರಿದಾಗ ಗಿಟ್‌ಹಬ್‌ನಲ್ಲಿ ಖಾಸಗಿ ಕೋಡಿಗೆ ತಿಂಗಳಿಗೆ 2,000 ನಿಮಿಷ ಉಚಿತ. ಆರು ಜನಕ್ಕೆ ಧಾರಾಳ ಅಂದುಕೊಂಡೆ. ಆದರೆ ಆಗ ವಿಂಡೋಸ್ ಯಂತ್ರದ ನಿಮಿಷಕ್ಕೆ ಎರಡರಷ್ಟು, ಮ್ಯಾಕ್‌ನದಕ್ಕೆ ಹತ್ತರಷ್ಟು ಲೆಕ್ಕ ಇತ್ತು. ಐಫೋನ್ ಆ್ಯಪಿನ ಒಂದು ಬಿಲ್ಡ್ 20 ನಿಮಿಷ ಹಿಡಿದರೆ ಖಾತೆಯಿಂದ ಹೋಗ್ತಿದ್ದದ್ದು 200. ಹತ್ತು ಸಲ ಗುಂಡಿ ಒತ್ತಿ, ತಿಂಗಳು ಖಾಲಿ. ಈಗ ನಾವು ಮ್ಯಾಕ್ ಬಿಲ್ಡನ್ನು ಬಿಡುಗಡೆಯ ಹಿಂದಿನ ದಿನ ಮಾತ್ರ ಓಡಿಸ್ತೀವಿ.

ದರಪಟ್ಟಿಗೆ ಮರುಳಾಗೋ ಮುಂಚೆ ಇದನ್ನೂ ನೋಡಿ. ಮುಕ್ತ ತಂತ್ರಾಂಶದವರಲ್ಲಿ ಬಹಳ ಜನ ಒಂದು ಕಾಲಕ್ಕೆ ಟ್ರಾವಿಸ್ ಸಿಐ ಅನ್ನೋ ಇಂಥದೇ ಸೇವೆ ಮೇಲೆ ಕೂತಿದ್ದರು, ಅವರಿಗೆ ಅದು ಉಚಿತ. 2020ರ ಕೊನೆಗೆ ಆ ಉಚಿತಕ್ಕೆ ಮಿತಿ ಬಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗಿಟ್‌ಲ್ಯಾಬ್ ತನ್ನ ಉಚಿತ ನಿಮಿಷಗಳನ್ನು 2,000ದಿಂದ 400ಕ್ಕೆ ಇಳಿಸಿತು. ತಪ್ಪು ಅಂತ ನಾನು ಹೇಳಲ್ಲ, ಕರೆಂಟ್ ಬಿಲ್ ಅವರಿಗೂ ಬರುತ್ತೆ. ಆದ್ದರಿಂದ ನಮ್ಮ ತಂಡದಲ್ಲಿ ಒಂದು ಕಟ್ಟಳೆ: ಬಿಲ್ಡ್ ಮಾಡುವ, ಟೆಸ್ಟ್ ಮಾಡುವ, ಏರಿಸುವ ಹೆಜ್ಜೆಗಳೆಲ್ಲ ನಮ್ಮದೇ ಶೆಲ್ ಸ್ಕ್ರಿಪ್ಟ್‌ನಲ್ಲಿರಬೇಕು (ಯಾವ ಯಂತ್ರದಲ್ಲಾದರೂ ಓಡಿಸಬಹುದಾದ ಆಜ್ಞೆಗಳ ಫೈಲು). ಸೇವೆಯವರು ಕೇಳುವ ಯಾಮಲ್ ಅನ್ನೋ ಸೂಚನೆ ಫೈಲಿನಲ್ಲಿ ಆ ಸ್ಕ್ರಿಪ್ಟನ್ನು ಕರೆಯುವ ಮೂರ್ನಾಲ್ಕು ಸಾಲು ಸಾಕು. ಬಾಡಿಗೆ ಮನೆಯ ಗೋಡೆಗೆ ಯಾರಾದರೂ ಬೀರು ಕಟ್ಟಿಸ್ತಾರಾ?

ಗಿಟ್‌ಹಬ್‌ನಲ್ಲಿ ಬೇರೆಯವರು ಬರೆದಿಟ್ಟ ರೆಡಿಮೇಡ್ ಹೆಜ್ಜೆಗಳಿಗೂ ಆಕ್ಷನ್ ಅಂತಲೇ ಹೆಸರು, ಅವುಗಳ ಬಗ್ಗೆ ಒಂದು ಎಚ್ಚರಿಕೆ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನವರ 'ಚೇಂಜ್ಡ್-ಫೈಲ್ಸ್' ಅನ್ನೋ ಜನಪ್ರಿಯ ಆಕ್ಷನ್‌ಗೆ ಯಾರೋ ಕಳ್ಳ ಕೋಡ್ ಸೇರಿಸಿದರು. ಹಳೇ ಆವೃತ್ತಿಯ ಟ್ಯಾಗ್‌ಗಳನ್ನೂ (ಆವೃತ್ತಿಗೆ ಅಂಟಿಸಿದ ಹೆಸರುಚೀಟಿ) ಆ ಕಳ್ಳ ಕೋಡಿನ ಕಡೆ ತಿರುಗಿಸಿದ್ದರು. ಬಳಸಿದವರ ಪಾಸ್‌ವರ್ಡ್, ಟೋಕನ್‌ಗಳು ಬಿಲ್ಡ್ ಲಾಗ್‌ನಲ್ಲಿ ಅಚ್ಚಾದವು. ಟ್ಯಾಗ್ ನಂಬಬೇಡಿ, ಕಮಿಟ್‌ನ (ಉಳಿಸಿದ ಒಂದು ಬದಲಾವಣೆಯ) ಪೂರ್ತಿ ಹ್ಯಾಶ್ ಬರೆಯಿರಿ. ಹ್ಯಾಶ್ ಅಂದರೆ ಆ ಬದಲಾವಣೆಯ ಗುರುತಿನ ಸಂಖ್ಯೆ, ಅದನ್ನು ಬೇರೆ ಕೋಡಿನ ಕಡೆ ತಿರುಗಿಸೋಕಾಗಲ್ಲ.

ಹಾಗಾದರೆ ಯಾವುದು, ಅಂತೀರಿ. ಕೋಡ್ ಎಲ್ಲಿದೆಯೋ ಅಲ್ಲಿನದನ್ನೇ ಹಿಡಿಯಿರಿ. ಗಿಟ್‌ಹಬ್‌ನಲ್ಲಿದ್ದರೆ ಆಕ್ಷನ್ಸ್, ಗಿಟ್‌ಲ್ಯಾಬ್‌ನಲ್ಲಿದ್ದರೆ ಅದರದ್ದು. ಕೋಡ್ ಕಟ್ಟಡದಾಚೆ ಹೋಗಕೂಡದು ಅನ್ನುವ ಗಿರಾಕಿ ಇದ್ದರೆ ಮಾತ್ರ ಜೆಂಕಿನ್ಸ್ ಅಥವಾ ನೀವೇ ಕೂರಿಸಿಕೊಂಡ ಗಿಟ್‌ಲ್ಯಾಬ್. ಆಗ ಅದನ್ನು ನೋಡಿಕೊಳ್ಳುವವರ ಹೆಸರನ್ನು ಗೋಡೆ ಮೇಲೆ ಬರೆದಿಡಿ. 'ಎಲ್ಲರೂ ನೋಡ್ಕೋತೀವಿ' ಅಂದ ಸರ್ವರ್ ಅನಾಥ.

ಈಗ ಪರದೆ ನೋಡಿ. ಅದೇ ದಲಾಲಿ ಅಂಗಡಿಯ ಕೋಡ್, ಅವರನ್ನು ಕೇಳಿಯೇ ತಂದಿದ್ದೀನಿ. ಹಮಾಲಿ ದರದ ಫೈಲನ್ನು ಬೇಕಂತಲೇ ಅಳಿಸಿ ಗಿಟ್‌ಹಬ್‌ಗೆ ಕಳಿಸ್ತಿದ್ದೀನಿ. ಹಳದಿ ಚುಕ್ಕೆ ತಿರುಗ್ತಿದೆ. ಯಂತ್ರ ಬಂತು, ಕೋಡ್ ಇಳಿಸಿಕೊಳ್ತು, ಟೆಸ್ಟ್ ಶುರು. ಹಾಂ, ಕೆಂಪು. ಹಿಂದಿನ ಸಾಲಿನವರಿಗೂ ಕಾಣಿಸಲಿ, ದೊಡ್ಡದು ಮಾಡ್ತೀನಿ. ಬಿದ್ದ ಟೆಸ್ಟಿನ ಹೆಸರು ಓದಿ: 'ಪುಕ್ಕಟೆ_ಹೊತ್ತೀವೇನ್ರೀ'.