ಎದುರುಗೊಳ್ಳುವ ತಯಾರಿ

ಕೇಳುಗರಿಗೆ ನಮಸ್ಕಾರ.

ಮದುವೆ ಮನೆಯಲ್ಲಿ ದಿಬ್ಬಣಕ್ಕೆ ಕಾಯುವ ಹೊತ್ತನ್ನು ನೆನಪು ಮಾಡಿಕೊಳ್ಳಿ. ಹತ್ತಕ್ಕೆ ಬರುತ್ತೇವೆ ಅಂದವರು ಹನ್ನೊಂದಾದರೂ ಬಂದಿಲ್ಲ. ವಾದ್ಯದವರು ನೆರಳಲ್ಲಿ ಕೂತಿದ್ದಾರೆ, ಗೇಟಿನ ಹತ್ತಿರ ಒಬ್ಬ ಹುಡುಗ ರಸ್ತೆ ನೋಡುತ್ತ ನಿಂತಿದ್ದಾನೆ. ‘ಬಂತು’ ಅಂತ ಅವನು ಕೂಗಿದ್ದೇ ತಡ, ಮನೆಯವರೆಲ್ಲ ಎದ್ದು ಗೇಟಿನವರೆಗೆ ಹೋಗುತ್ತಾರೆ, ಬಂದವರನ್ನು ಎದುರುಗೊಂಡು ಚಪ್ಪರದೊಳಗೆ ಕರೆತರುತ್ತಾರೆ. ಎದುರುಗೊಳ್ಳಲು ಹೋದವರು ದಿಬ್ಬಣದ ಬಸ್ಸು ಹತ್ತಿ ಊರು ಬಿಟ್ಟು ಹೋಗುವುದಿಲ್ಲ.

ಕ್ರಿಸ್ತನ ಎರಡನೆಯ ಬರೋಣದ ಬಗ್ಗೆ ಮಾತಾಡುವಾಗ ಈ ‘ಎದುರುಗೊಳ್ಳುವುದು’ ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು, ಸತ್ತವರು ಮೊದಲು ಏಳುವರು, ಆಮೇಲೆ ಬದುಕಿರುವ ನಾವೂ ಅವರ ಜೊತೆ ಮೇಘಗಳಲ್ಲಿ ಕರ್ತನನ್ನು ಎದುರುಗೊಳ್ಳುವೆವು ಅನ್ನುತ್ತಾನೆ. ಗ್ರೀಕಿನಲ್ಲಿ ಅಪಾಂತೆಸಿಸ್. ಇದೇ ಪದ ಮತ್ತಾಯ 25ರಲ್ಲಿ, ಮದುಮಗನನ್ನು ಎದುರುಗೊಳ್ಳಲು ಹೊರಟ ಕನ್ಯೆಯರ ಸಾಮ್ಯದಲ್ಲಿ ಬರುತ್ತದೆ. ಅಪೊಸ್ತಲರ ಕೃತ್ಯಗಳ 28ರಲ್ಲೂ ಬರುತ್ತದೆ: ಪೌಲನು ಬರುತ್ತಾನೆಂದು ತಿಳಿದು ರೋಮಿನ ವಿಶ್ವಾಸಿಗಳು ಅಪ್ಪಿಯ ಪೇಟೆಯವರೆಗೆ ಹೋದರು. ಅದು ಸುಮಾರು 65 ಕಿಲೋಮೀಟರ್. ಮಂಗಳೂರಿನಿಂದ ಹೊರಟು ಉಡುಪಿ ದಾಟುವಷ್ಟು ದೂರ. ಹೋದವರು ಅಲ್ಲೇ ಉಳಿಯಲಿಲ್ಲ, ಅವನನ್ನು ಕರೆದುಕೊಂಡು ತಮ್ಮ ಊರಿಗೇ ಮರಳಿದರು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 21ನೆಯ ಅಧ್ಯಾಯದಲ್ಲೂ ಪವಿತ್ರ ಪಟ್ಟಣ ಮೇಲಿನಿಂದ ಇಲ್ಲಿಗೆ ಇಳಿದು ಬರುತ್ತದೆ. ಬರುವವನು ಇಲ್ಲಿಗೆ ಬರುತ್ತಾನೆ. ಹಾಗಾಗಿ ಈ ಮನೆ, ಈ ಅಂಗಳ, ಈ ಊರು ಯಾವ ಸ್ಥಿತಿಯಲ್ಲಿವೆ ಅನ್ನುವುದು ಮುಖ್ಯವಾಗುತ್ತದೆ.

ಎಲ್ಲ ಸಭೆಗಳೂ ಇದನ್ನು ಒಂದೇ ರೀತಿ ಓದುವುದಿಲ್ಲ. ನಮ್ಮ ಕರಾವಳಿಯ ಬ್ರದರನ್ ಮತ್ತು ಪೆಂತೆಕೋಸ್ತ್ ಸಭೆಗಳಲ್ಲಿ ಅನೇಕರು, ವಿಶ್ವಾಸಿಗಳು ಮೊದಲು ಎತ್ತಲ್ಪಡುತ್ತಾರೆ, ಆಮೇಲೆ ಏಳು ವರ್ಷದ ಮಹಾಸಂಕಟ, ಅದಾದ ಮೇಲೆ ಸಾವಿರ ವರ್ಷದ ಆಳ್ವಿಕೆ ಅಂತ ಕಲಿಸುತ್ತಾರೆ. ಈ ಕ್ರಮವನ್ನು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬವರು ರೂಪಿಸಿದರು. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್ ಅದನ್ನು ಮನೆಮನೆಗೆ ಮುಟ್ಟಿಸಿತು. ಕಥೋಲಿಕ, ಸಿರಿಯನ್ ಆರ್ಥೊಡಾಕ್ಸ್, ಸಿಎಸ್‌ಐ ಸಭೆಗಳು ಬರೋಣವನ್ನು ಹೀಗೆ ಎರಡು ಹಂತವಾಗಿ ಕಲಿಸುವುದಿಲ್ಲ. ಸಾವಿರ ವರ್ಷವೆಂದರೆ ಸಭೆಯ ಈಗಿನ ಕಾಲವೇ ಅಂತ ಐದನೆಯ ಶತಮಾನದಲ್ಲೇ ಸಂತ ಅಗಸ್ಟಿನ್ ವಿವರಿಸಿದ್ದರು. ಈ ವ್ಯತ್ಯಾಸ ಚಿಕ್ಕದಲ್ಲ. ಆದರೆ ಇದಕ್ಕಾಗಿ ಒಂದೇ ಮನೆಯ ಅಣ್ಣತಮ್ಮಂದಿರು ಮಾತು ಬಿಡುವಷ್ಟು ದೊಡ್ಡದೂ ಅಲ್ಲ. ಆತನು ಮಹಿಮೆಯಿಂದ ತಿರುಗಿ ಬರುವನು, ಸತ್ತವರು ಏಳುವರು, ನ್ಯಾಯತೀರ್ಪು ಆಗುವುದು, ಆತನ ರಾಜ್ಯಕ್ಕೆ ಅಂತ್ಯವಿಲ್ಲ: 381ರಲ್ಲಿ ಪೂರ್ಣಗೊಂಡ ನೈಸಿಯ ವಿಶ್ವಾಸಪ್ರಮಾಣದಲ್ಲಿರುವ ಇಷ್ಟನ್ನು ಎಲ್ಲರೂ ನಂಬುತ್ತಾರೆ.

ಇನ್ನು ದಿನಾಂಕದ ವಿಷಯ. ಆ ದಿನವೂ ಆ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಅಂತ ಯೇಸುವೇ ಹೇಳಿದ್ದು ಮತ್ತಾಯ 24:36ರಲ್ಲಿದೆ. ಹಾಗಿದ್ದರೂ ಲೆಕ್ಕ ಹಾಕಿದವರು ಸಾಮಾನ್ಯರಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಒಬ್ಬ ರೈತ, ಶ್ರದ್ಧಾವಂತ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿ.ಪೂ. 457ರಿಂದ ಶುರುಮಾಡಿದರು. 2300ರಲ್ಲಿ 457 ಕಳೆದರೆ 1843. ಆ ವರ್ಷ ಕಳೆಯಿತು, ಏನೂ ಆಗಲಿಲ್ಲ. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1, ನಡುವೆ ಸೊನ್ನೆ ವರ್ಷ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು. ಒಂದು ವರ್ಷ ಸೇರಿಸಿದರು. ಅವರ ಅನುಯಾಯಿಗಳು 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟರು. 23ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಕೂಡಿಸಿ ಕಳೆದದ್ದರಲ್ಲಿದ್ದ ತಪ್ಪನ್ನು ಅವರು ತಿದ್ದಿಕೊಂಡಿದ್ದರು. ಲೆಕ್ಕಕ್ಕೆ ಕೂತದ್ದೇ ತಪ್ಪು ಅಂತ ಅವರಿಗೆ ಅನಿಸಿರಲಿಲ್ಲ.

ನಮ್ಮ ಊರಿಗೆ ಹತ್ತಿರದ ಉದಾಹರಣೆ ಇನ್ನೊಂದುಂಟು. ಜರ್ಮನಿಯ ವ್ಯೂರ್ಟೆಂಬರ್ಗ್‌ನಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ದೊಡ್ಡ ಬೈಬಲ್ ವಿದ್ವಾಂಸರಿದ್ದರು. ಪ್ರಕಟನೆಯ ಸಂಖ್ಯೆಗಳನ್ನು ಲೆಕ್ಕ ಹಾಕಿ, 1836ರಲ್ಲಿ ಕೊನೆಯ ಕಾಲದ ಮಹಾ ಘಟನೆಗಳು ನಡೆಯುತ್ತವೆ ಅಂತ ಅವರು 1740ರಲ್ಲಿ ಬರೆದಿದ್ದರು. ಅದೇ ಸೀಮೆಯ ಭಕ್ತ ಕುಟುಂಬಗಳು 1817ರ ಸುಮಾರಿಗೆ ಇಂಥ ನಿರೀಕ್ಷೆಯಲ್ಲೇ ಮನೆಮಠ ಮಾರಿ ಕಾಕಸಸ್ ಕಡೆಗೆ ಗಾಡಿ ಕಟ್ಟಿದವು. ಆ ಭಕ್ತಿ ಪರಂಪರೆಯ ನೆಲದಿಂದಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿಗೆ ಅನೇಕರು ಬಂದರು. 1834ರ ಅಕ್ಟೋಬರ್ 30ರಂದು ಆ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿನಲ್ಲಿ ಇಳಿದರು. ವ್ಯೂರ್ಟೆಂಬರ್ಗ್‌ನ ಹರ್ಮನ್ ಮೋಗ್ಲಿಂಗ್ ಭಾರತಕ್ಕೆ ಹೊರಟದ್ದು ಸರಿಯಾಗಿ 1836ರಲ್ಲಿ, ಬೆಂಗೆಲ್ ಹೇಳಿದ ವರ್ಷದಲ್ಲಿ. ಆ ವರ್ಷವೂ ಎಲ್ಲ ವರ್ಷಗಳ ಹಾಗೆ ಮುಗಿಯಿತು. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ಬಂತು, 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ ಹೊರಟಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಅವರ ನಿಘಂಟು ಅಚ್ಚಾಗಿ ಕೈಗೆ ಬಂದದ್ದು 1894ರಲ್ಲಿ. ಕರ್ತನು ಬರುತ್ತಾನೆಂದು ಪ್ರತಿ ಭಾನುವಾರ ಒಪ್ಪಿ ಹೇಳುತ್ತಿದ್ದವರು ಸೋಮವಾರ ಬೆಳಿಗ್ಗೆ ಕೂತು ಒಂದೊಂದು ಕನ್ನಡ ಪದಕ್ಕೂ ಅರ್ಥ ಬರೆಯುತ್ತಿದ್ದರು. ಕಾಯುವುದು ಹೇಗೆ ಅಂತ ಕೇಳಿದವರಿಗೆ ಆ ನಿಘಂಟನ್ನೇ ತೋರಿಸಬಹುದು.

ಥೆಸಲೋನಿಕದ ಸಭೆಯಲ್ಲಿ ಎಡವಟ್ಟಾದದ್ದೂ ಇಲ್ಲಿಯೇ. ಕೆಲವರು ಕೆಲಸ ಬಿಟ್ಟು ಕೂತರು, ಇನ್ನೊಬ್ಬರ ಮನೆಯ ಊಟಕ್ಕೆ ಕೈಯೊಡ್ಡಿದರು, ಅವರಿವರ ವಿಷಯಕ್ಕೆ ತಲೆ ಹಾಕಿದರು. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡಬಾರದು ಅಂತ ಪೌಲನು ಕಟ್ಟುನಿಟ್ಟಾಗಿ ಬರೆದ. ‘ಮಾಡಲೊಲ್ಲದವನು’ ಅನ್ನುವುದನ್ನು ಗಮನಿಸಬೇಕು. ಮಾಡಲಾಗದವನ ಮಾತು ಇದಲ್ಲ. ಕಾಯಿಲೆಯವರಿಗೆ, ಮುದುಕರಿಗೆ, ಹುಡುಕಿದರೂ ಕೆಲಸ ಸಿಗದವರಿಗೆ ಈ ವಾಕ್ಯವನ್ನು ಎಸೆಯುವುದು ಅನ್ಯಾಯ.

ಈಗ ಇದೇ ರೋಗ ಫೋನಿನಲ್ಲಿ ಬರುತ್ತದೆ. ಯುದ್ಧದ ಚಿತ್ರ, ಗ್ರಹಣದ ಚಿತ್ರ, ಕೆಳಗೆ ಪ್ರಕಟನೆಯ ಒಂದು ವಚನ, ಇಪ್ಪತ್ತು ಜನರಿಗೆ ಕಳುಹಿಸಿ ಅಂತ ಒಂದು ಅಪ್ಪಣೆ. ಅದರಲ್ಲಿ ತಾರೀಕು ಇದ್ದರೆ ಮುಂದೆ ಓದುವ ಅಗತ್ಯವಿಲ್ಲ. ತಾರೀಕು ಇಲ್ಲದಿದ್ದರೆ, ಅವರು ಕೊಟ್ಟ ವಚನದ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ಬೈಬಲಿನಲ್ಲೇ ತೆಗೆದು ಓದಿ. ಹಣ ಕೇಳಿದರೆ, ಔಷಧಿ ನಿಲ್ಲಿಸಿ ಅಂದರೆ, ಮಕ್ಕಳ ಓದು ಇನ್ನೇಕೆ ಅಂದರೆ, ನಿಮ್ಮ ಸಭಾಪಾಲಕರಿಗೋ ಧರ್ಮಗುರುಗಳಿಗೋ ಅದೇ ದಿನ ತೋರಿಸಿ. ಯುದ್ಧ, ಬರ, ಭೂಕಂಪಗಳ ಪಟ್ಟಿ ಕೊಟ್ಟ ಯೇಸುವೇ, ಕಳವಳಪಡಬೇಡಿರಿ, ಇದು ಇನ್ನೂ ಅಂತ್ಯವಲ್ಲ ಅಂದದ್ದು. ಆ ಮಾತನ್ನು ಮಾತ್ರ ಯಾರೂ ಕಳುಹಿಸುವುದಿಲ್ಲ.

ಮತ್ತೆ ಮತ್ತಾಯ 25ಕ್ಕೆ ಬರೋಣ. ಮದುಮಗನಿಗೆ ಕಾದ ಹತ್ತು ಕನ್ಯೆಯರಲ್ಲಿ ಐವರು ಬುದ್ಧಿವಂತೆಯರು ಬೇರೆ ಪಾತ್ರೆಯಲ್ಲಿ ಎಣ್ಣೆ ತಂದಿದ್ದರು, ಉಳಿದ ಐವರು ತಂದಿರಲಿಲ್ಲ. ಆ ಹತ್ತು ಕನ್ಯೆಯರ ಕೈಯಲ್ಲಿದ್ದದ್ದು ಹಣತೆ ಅಂತ ನಾವು ಚಿತ್ರ ನೋಡಿ ರೂಢಿ. ಮೂಲದಲ್ಲಿ ಲಂಪಾಸ್ ಅಂತ ಇದೆ. ಯೋಹಾನ 18ರಲ್ಲಿ ಯೇಸುವನ್ನು ಹಿಡಿಯಲು ತೋಟಕ್ಕೆ ಬಂದವರ ಕೈಯಲ್ಲಿದ್ದ ಪಂಜಿಗೂ ಇದೇ ಪದ. ಹಣತೆ ಅಂತಲೇ ಓದುವ ವಿದ್ವಾಂಸರಿದ್ದಾರೆ, ಆದರೆ ಪಂಜು ಅಂತ ಓದಿದರೆ ಕಥೆ ಕಣ್ಣಿಗೆ ಕಟ್ಟುತ್ತದೆ. ನಮ್ಮ ಜಿಲ್ಲೆಗಳಲ್ಲಿ ದೊಂದಿ ನೋಡದವರು ಕಡಿಮೆ. ಕೋಲಿನ ತುದಿಗೆ ಹಳೆ ಬಟ್ಟೆ ಬಿಗಿಯಾಗಿ ಸುತ್ತಿ ಎಣ್ಣೆಯಲ್ಲಿ ನೆನೆಸಿ ಹಚ್ಚಿದ ಬೆಂಕಿ. ಹಿಂದೆ ಯಕ್ಷಗಾನದ ರಂಗಸ್ಥಳಕ್ಕೆ ಇದೇ ಬೆಳಕು. ಪಕ್ಕದಲ್ಲಿ ಎಣ್ಣೆ ಹೊಯ್ಯುವವನು ಇರಲೇಬೇಕು. ಅವನ ಕೈ ತಡವಾದರೆ ಎಣ್ಣೆ ತೀರಿ ಬಟ್ಟೆಯೇ ಸುಡಲು ಶುರುವಾಗುತ್ತದೆ, ಬೆಳಕಿಗಿಂತ ಹೊಗೆ ಹೆಚ್ಚಾಗುತ್ತದೆ. ನಮ್ಮ ದೀಪಗಳು ಆರಿಹೋಗುತ್ತಿವೆ ಅಂತ ಆ ಐವರು ಗಾಬರಿಪಟ್ಟದ್ದು ಅದಕ್ಕೇ.

ಪ್ರಸಂಗಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಒಂದು ವಚನ ಇಲ್ಲಿದೆ, ಐದನೆಯದು. ಮದುಮಗ ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ನಿದ್ದೆಹೋದರು. ಬುದ್ಧಿವಂತೆಯರೂ ಮಲಗಿದರು. ಅವರಿಗೆ ಯಾರೂ ಬೈಯುವುದಿಲ್ಲ. ಹಗಲೂ ರಾತ್ರಿ ಕಣ್ಣು ಬಿಟ್ಟುಕೊಂಡು ಹೆದರಿ ಕೂರಬೇಕೆಂದು ಕರ್ತನು ಕೇಳಲಿಲ್ಲ. ನಿದ್ದೆಗೆ ಮುಂಚೆ ಬೇರೆ ಪಾತ್ರೆಯಲ್ಲಿ ಎಣ್ಣೆ ತುಂಬಿಟ್ಟಿದ್ದರೇ, ಇಲ್ಲವೇ? ಪ್ರಶ್ನೆ ಅಷ್ಟೇ. ಆ ಎಣ್ಣೆ ಕಡ ಸಿಗುವಂಥದ್ದೂ ಅಲ್ಲ. ತಾಯಿಯ ಪ್ರಾರ್ಥನೆಯನ್ನು ಮಗ ಕಡ ತರಲಾಗುವುದಿಲ್ಲ, ಅಜ್ಜನ ಪ್ರಾಮಾಣಿಕತೆಯನ್ನು ಮೊಮ್ಮಗ ತರಲಾಗುವುದಿಲ್ಲ.

ಅದೇ ಅಧ್ಯಾಯದ ಕೊನೆಯಲ್ಲಿ ನ್ಯಾಯತೀರ್ಪಿನ ದಿನದ ಪ್ರಶ್ನೆಗಳನ್ನು ಮುಂಚಿತವಾಗಿಯೇ ಕೊಟ್ಟಿದೆ: ಹಸಿದವರು, ಬಾಯಾರಿದವರು, ಪರದೇಶಿಗಳು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರು. ಮಕ್ಕಳೆಲ್ಲ ಗಲ್ಫಿನಲ್ಲಿದ್ದು ದೊಡ್ಡ ಮನೆಯಲ್ಲಿ ಒಬ್ಬರೇ ಇರುವ ವೃದ್ಧರು ನಮ್ಮ ಚರ್ಚಿನ ಪ್ರತಿ ವಾಳೆಯಲ್ಲೂ, ಅಂದರೆ ವಾರ್ಡಿನಲ್ಲೂ, ಇದ್ದಾರೆ. ಭೇಟಿಗೆ ಹೋಗುವ ಮೊದಲು ಫೋನ್ ಮಾಡಿ, ಊಟದ ಹೊತ್ತು ತಪ್ಪಿಸಿ, ಇಪ್ಪತ್ತು ನಿಮಿಷ ಕೂತರೆ ಸಾಕು. ಸಕ್ಕರೆ ಕಾಯಿಲೆ ಉಂಟೋ ಅಂತ ಕೇಳದೆ ಸಿಹಿ ಒಯ್ಯಬೇಡಿ. ಅವರೇ ಮಾತಾಡಲಿ, ಉಪದೇಶ ಬೇಡ.

ಲೋಕಾಂತ್ಯಕ್ಕಿಂತ ಮೊದಲು ನಮ್ಮ ನಮ್ಮ ಅಂತ್ಯ ಬರಬಹುದು. ನವೆಂಬರ್ 2ರಂದು ಸಮಾಧಿಗೆ ಮೇಣದಬತ್ತಿ ಹಚ್ಚುವಾಗ ಇದು ಎಲ್ಲರಿಗೂ ನೆನಪಾಗುತ್ತದೆ, ಆದರೆ ಕಾಗದಪತ್ರಗಳ ವಿಷಯದಲ್ಲಿ ಮರೆತುಹೋಗುತ್ತದೆ. ಉಯಿಲು ಬರೆದಿಡುವುದು ಅವಿಶ್ವಾಸವಲ್ಲ, ಅಪಶಕುನವೂ ಅಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಸಾಕ್ಷಿ ಹಾಕಿದವರಿಗೋ ಅವರ ಗಂಡ ಅಥವಾ ಹೆಂಡತಿಗೋ ಆ ಉಯಿಲಿನಲ್ಲಿ ಏನಾದರೂ ಬಿಟ್ಟಿದ್ದರೆ ಆ ಭಾಗ ನಿಲ್ಲುವುದಿಲ್ಲ. ಮಗಳಿಗೆ ಜಾಗ ಬರೆದು ಅಳಿಯನಿಂದ ಸಾಕ್ಷಿ ಹಾಕಿಸಿದರೆ ಆ ಜಾಗ ಉಯಿಲಿನ ಮೂಲಕ ಮಗಳಿಗೆ ಬರುವುದಿಲ್ಲ. ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಾದ ಕೂಡಲೇ ರದ್ದು. ಅಣ್ಣತಮ್ಮಂದಿರು ಕೋರ್ಟಿಗೆ ಹೋಗದ ಹಾಗೆ ನೋಡಿಕೊಳ್ಳುವುದೂ ದೀಪಕ್ಕೆ ಎಣ್ಣೆ ಹೊಯ್ಯುವ ಕೆಲಸವೇ.

ಕಾಯುವುದನ್ನು ಕಲಿಸಲು ಸಭೆ ವರ್ಷಕ್ಕೊಮ್ಮೆ ಆಗಮನ ಕಾಲವನ್ನು ಇಟ್ಟಿದೆ. ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರ. ಮೊದಲನೆಯದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಆ ಮೊದಲ ಭಾನುವಾರ ಕಥೋಲಿಕ ಪೂಜೆಯಲ್ಲಿ ಓದುವ ಸುವಾರ್ತೆ ಬೆತ್ಲೆಹೇಮಿನದಲ್ಲ, ಎಚ್ಚರವಾಗಿರಿ ಅನ್ನುವ ಎರಡನೆಯ ಬರೋಣದ್ದು. ನಾವು ಅಷ್ಟರಲ್ಲೇ ನಕ್ಷತ್ರ ಕಟ್ಟಿ, ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಲೆಕ್ಕದಲ್ಲಿ ಮುಳುಗಿ, ಆ ಓದನ್ನು ಕೇಳಿಸಿಕೊಳ್ಳದೆ ಹೋಗುತ್ತೇವೆ.

ಮನೆಯಲ್ಲಿ ನಾಲ್ಕು ಮೇಣದಬತ್ತಿಯ ಹಸಿರು ಚಕ್ರ ಮಾಡುವವರಿಗೆ ಒಂದೆರಡು ಮಾತು. ಈ ಪದ್ಧತಿಯನ್ನು 1839ರಲ್ಲಿ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಲುಥೆರನ್ ಪಾದ್ರಿ ಬಡ ಮಕ್ಕಳಿಗಾಗಿ ಶುರುಮಾಡಿದರು. ಇಲ್ಲಿ ಗಾಳಿಮರದ ಸೊಪ್ಪು ಸುತ್ತುವವರು ಹೆಚ್ಚು. ಅದು ಬೇಗ ಒಣಗುತ್ತದೆ, ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಪ್ರತಿ ಶನಿವಾರ ಸೊಪ್ಪು ಬದಲಿಸಿ. ಬತ್ತಿಗಳನ್ನು ಮರಳು ತುಂಬಿದ ಗೆರಟೆಯಲ್ಲಿ ನಿಲ್ಲಿಸಿ, ಅಡಿಗೆ ಸ್ಟೀಲಿನ ಹರಿವಾಣ ಇಡಿ, ಫ್ಯಾನ್ ಆರಿಸಿ. ಭಾನುವಾರಕ್ಕೊಂದು ಬತ್ತಿ ಹೆಚ್ಚಿಸುತ್ತ ದಿನಕ್ಕೆ ಹತ್ತು ನಿಮಿಷ ಹಚ್ಚಿದರೆ ಮೊದಲ ಬತ್ತಿ 28 ದಿನದ ವರ್ಷದಲ್ಲಿ 280 ನಿಮಿಷ ಉರಿಯಬೇಕು. ಐದು ಗಂಟೆ ಬಾಳುವ ದಪ್ಪದ್ದನ್ನೇ ತನ್ನಿ. ತೆಳು ಬತ್ತಿ ತಂದ ಮನೆಗಳಲ್ಲಿ ನಾಲ್ಕನೆಯ ವಾರ ಮೂರೇ ದೀಪ ಇರುತ್ತದೆ. ನಾಲ್ಕನೆಯದು, ಆಗಮನ ಕಾಲ ಡಿಸೆಂಬರ್ 3ಕ್ಕೆ ಶುರುವಾಗುವ ವರ್ಷ, 24ರಂದು ಒಂದೇ ಒಂದು ಸಂಜೆ ಉರಿಯುತ್ತದೆ.

ಆ ಹತ್ತು ನಿಮಿಷಕ್ಕೆ ಓದಲು ಮೊದಲ ವಾರ ಮಾರ್ಕ 13, ಎರಡನೆಯ ವಾರ ಮತ್ತಾಯ 25, ಮೂರನೆಯ ವಾರ ಥೆಸಲೋನಿಕದವರಿಗೆ ಬರೆದ ಪತ್ರಗಳು, ಕೊನೆಗೆ ಪ್ರಕಟನೆಯ 21, 22. ಗಟ್ಟಿಯಾಗಿ ಓದಿ, ಮಕ್ಕಳಿಂದ ಓದಿಸಿ. ಓದು ಮುಗಿದ ಮೇಲೆ ಒಂದೇ ಪದದ ಪ್ರಾರ್ಥನೆ ಇದೆ: ಮಾರನಾಥ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯದು; ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಅದನ್ನು ಅನುವಾದಿಸದೆ ಹಾಗೆಯೇ ಇಟ್ಟಿದ್ದಾನೆ. ಮಾರನ್ ಅಥಾ ಅಂತ ಬಿಡಿಸಿದರೆ ನಮ್ಮ ಕರ್ತನು ಬಂದಿದ್ದಾನೆ ಅಂತಾಗುತ್ತದೆ. ಮಾರನಾ ಥಾ ಅಂತ ಬಿಡಿಸಿದರೆ, ನಮ್ಮ ಕರ್ತನೇ, ಬಾ.

ನಮಸ್ಕಾರ.