ಸತ್ತ ವಿಲನ್ ಬರ್ಲಿ, ಹಳೇ ಲೆಕ್ಕಾನೂ ತರ್ಲಿ

ಕೊಪ್ಪಳದ ಗವಿಮಠದ ಜಾತ್ರ್ಯಾಗ ಡ್ಯಾಶಿಂಗ್ ಕಾರ್ ಆಡೀರೇನ್ರಿ? ಕೆಳಗ ತಗಡಿನ ನೆಲ, ಮ್ಯಾಲ ಜಾಳಗಿ. ಕಾರಿನ ಹಿಂದಿನ ಸಳಿ ಜಾಳಗಿಗೆ ತಿಕ್ಕಿ ಚಟ್ ಚಟ್ ಅಂತ ಕಿಡಿ, ಮೂಗಿಗೆ ಒಂಥರಾ ಸುಟ್ಟ ವಾಸನಿ. ಕರೆಂಟ್ ಹೋತಂದ್ರ ಎಲ್ಲಾ ಕಾರು ನಿಂತಲ್ಲೇ ನಿಂತ್ವು. ಸ್ಟೇರಿಂಗ್ ಎಷ್ಟು ತಿರುವಿದ್ರೂ ಅಷ್ಟ.

ಬಿಬಿಸಿಯವರ ‘ಡಾಕ್ಟರ್ ಹೂ’ ಸೀರಿಯಲ್‌ನಾಗ ಡಾಲೆಕ್ ಅಂತ ವಿಲನ್‌ಗಳು ಅದಾವ. ಒಳಗೊಂದು ಜೀವ, ಹೊರಗ ಲೋಹದ ಕವಚ. ದೂರದಿಂದ ನೋಡಿದ್ರ ಹಿಟ್ಟಿನ ಡಬ್ಬಿಗೆ ಗಾಲಿ ಹಚ್ಚಿದಂಗ. 1963ರ ಡಿಸೆಂಬರ್‌ನಾಗ ಮೊದಲ ಸಲ ಬಂದಾಗ ಅವೂ ಡ್ಯಾಶಿಂಗ್ ಕಾರ್ ಇದ್ದಂಗ ಇದ್ವು. ಅವುಗಳ ಊರಿನ ನೆಲಾನ ಲೋಹದ್ದು. ಆ ನೆಲದಿಂದನ ಸ್ಟ್ಯಾಟಿಕ್ ಕರೆಂಟ್ ಎಳಕೊಂಡು ಓಡಾಡ್ತಿದ್ವು. ಸೆರಿ ಸಿಕ್ಕಿದ್ದ ಡಾಕ್ಟರ್, ಅಂದ್ರ ಸೀರಿಯಲ್‌ನ ಹೀರೋ, ಮತ್ತ ಅವನ ಸಂಗಡಿಗರು ಏನ್ ಮಾಡಿದ್ರಪ್ಪಾ ಅಂದ್ರ, ಒಂದು ಡಾಲೆಕ್‌ನ ಕಣ್ಣಿಗೆ ಕೆಸರು ಮೆತ್ತಿ, ಮೈಮ್ಯಾಲ ಹೊದಿಯೂ ಬಟ್ಟಿ ನೆಲಕ್ಕ ಹಾಸಿ, ಅದರ ಮ್ಯಾಲ ದಬ್ಬಿಬಿಟ್ರು. ಮುಗೀತು. ಕರೆಂಟ್ ಹೋದ ಕಾರ್.

ಫಿಜಿಕ್ಸ್ ಮಾಸ್ತರ್ರು ಇದನ್ನ ಒಪ್ಪಂಗಿಲ್ಲ. ಚಳಿಗಾಲದಾಗ ಸ್ವೆಟರ್ ಬಿಚ್ಚುವಾಗ ಚಟಪಟ ಅಂತೈತಲ್ಲ, ಅದರಾಗೂ ಸಾವಿರಗಟ್ಟಲೆ ವೋಲ್ಟ್ ಇರ್ತೈತಿ. ಆದ್ರ ಚಾರ್ಜ್ ಎಷ್ಟು ಕಡಿಮಿ ಅಂದ್ರ ಒಂದು ಟೇಬಲ್ ಫ್ಯಾನ್ ಸುದ್ದಾ ತಿರುಗೂದಿಲ್ಲ. ಇರ್ಲಿ ಬಿಡ್ರಿ. ನನಗ ಆ ಸೀನು ಖರೇ ಅನಿಸ್ತು. ಕಥಿ ತಾನ ಹಾಕಿದ ಷರತ್ತಿಗೆ ತಾನ ತಲಿ ಬಾಗಿತ್ತು. 1964ರಾಗ ಅದೇ ಡಾಲೆಕ್ ಲಂಡನ್ನಿಗೆ ಬಂದ್ವು. ಅಲ್ಲಿ ಬರೇ ರಸ್ತೆ, ಲೋಹದ ನೆಲ ಎಲ್ಲೈತಿ? ಅದಕ್ಕ ಕರೆಂಟ್ ಹಿಡಿಯಾಕ ಬೆನ್ನಿಗೆ ಡಿಶ್ ಕಟ್ಟಿಕೊಂಡ ಬಂದ್ವು! ಬರದವರಿಗೆ ಹಿಂದಿನ ಸೋಲು ನೆನಪಿತ್ತು.

ಸತ್ತ ವಿಲನ್ ತಿರುಗಿ ಬಂದ್ರ ‘ಏ, ಇದೇನು ಸುಳ್ಳು’ ಅಂತಾರ ಮಂದಿ. ನನ್ನ ತಕರಾರು ಅದಲ್ಲ, ಹಿಂದ ಹಾಕಿದ ಷರತ್ತು ಮರೀಬಾರದು ಅಷ್ಟ. ಜಯ-ವಿಜಯರು ಮೂರು ಸಲ ಬಂದಾರಲ್ಲ, ಹಿರಣ್ಯಕಶಿಪು ಆಗಿ, ರಾವಣ ಆಗಿ, ಶಿಶುಪಾಲ ಆಗಿ? ಅದನ್ನ ಬಯಲಾಟದಾಗ ಬೆಳತನಕ ಕುಂತು ನೋಡ್ತೀವಿ. ಆ ಹಿರಣ್ಯಕಶಿಪುವಿನ ವರ ನೋಡ್ರಿ: ಹಗಲಿಲ್ಲ ರಾತ್ರಿಯಿಲ್ಲ, ಒಳಗಿಲ್ಲ ಹೊರಗಿಲ್ಲ. ನರಸಿಂಹ ಒಂದು ಷರತ್ತೂ ಮುರೀಲಿಲ್ಲ, ಮುಸ್ಸಂಜಿಗೆ ಬಂದು ಹೊಸ್ತಿಲ ಮ್ಯಾಲ ಕುಂತ. ವಕೀಲರು ಸುದ್ದಾ ತಪ್ಪು ತೆಗಿಯಾಕ ಆಗಂಗಿಲ್ಲ.

ಈಗ ಅದೇ ಸೀರಿಯಲ್‌ನ ಇನ್ನೊಂದು ವಿಲನ್, ಯಂತ್ರ ಆಗಿಹೋದ ಮನುಷ್ಯರು, ಸೈಬರ್‌ಮನ್‌ಗಳ ಕಡೆ ಬರೂಣು. ಇವನ್ನ 1966ರಾಗ ಹುಟ್ಟಿಸಿದವರೊಳಗ ಕಿಟ್ ಪೆಡ್ಲರ್ ಒಬ್ಬಾಂವ. ಸ್ವತಃ ವೈದ್ಯ, ಕಣ್ಣಿನ ಸಂಶೋಧಕ. ಮನುಷ್ಯಾನ ಒಂದೊಂದ ಅಂಗ ತೆಗೆದು ಯಂತ್ರ ಕೂಡಿಸ್ತಾ ಹೋದ್ರ ಕಡೀಕ ಮನುಷ್ಯ ಎಷ್ಟು ಉಳೀತಾನ ಅನ್ನೂ ಅಂಜಿಕಿ ಅದು. ಮನುಷ್ಯರ ಮೊದಲ ಹೃದಯ ಕಸಿ ಆಗಿದ್ದು ಮರುವರ್ಷ, 1967ರ ಡಿಸೆಂಬರ್‌ನಾಗ. ಅಂದ್ರ ಅಂಜಿಕಿ ಎಷ್ಟು ಹತ್ತಿರದ್ದು ನೋಡ್ರಿ.

1975ರಾಗ ಇವಕ್ಕ ಬಂಗಾರದ ಪುಡಿ ವೈರಿ ಅಂತ ಮಾಡಿದ್ರು. ಬಂಗಾರ ತುಕ್ಕು ಹಿಡಿಯೂದಿಲ್ಲ. ಪುಡಿ ಉಸಿರಾಟದ ಯಂತ್ರಕ್ಕ ಮೆತ್ತಿಕೊಂಡು ಉಸಿರು ಕಟ್ಟಿಸ್ತೈತಿ. ಸಿಮೆಂಟ್ ಕೆಲಸದವರಿಗೆ ಕೇಳ್ರಿ, ಮೂಗಿನಾಗ ಧೂಳು ಹೋದ್ರ ಏನಾಗ್ತೈತಿ ಅಂತ. ಒಪ್ಪಿದೆ.

ಆಮ್ಯಾಲ 1988 ಬಂತು, ಸೀರಿಯಲ್‌ನ ಇಪ್ಪತ್ತೈದನೇ ವರ್ಷ. ಡಾಲೆಕ್‌ಗೆ ಮೆಟ್ಟಿಲು ಹತ್ತಾಕ ಬರಂಗಿಲ್ಲ ಅಂತ ಅಲ್ಲೀತನಕ ಮಂದಿ ನಕ್ಕಿದ್ದ ನಕ್ಕಿದ್ದು. ಆ ವರ್ಷ ಡಾಕ್ಟರ್ ನೆಲಮಾಳಿಗಿ ಮೆಟ್ಟಿಲು ಹತ್ತಿ ಓಡ್ತಾನ, ಮ್ಯಾಲ ಬಾಗಿಲ ಬಂದ್. ತಿರುಗಿ ನೋಡಿದ್ರ ಡಾಲೆಕ್ ತೇಲಕೋಂತ ಮೆಟ್ಟಿಲ ಮ್ಯಾಲ ಬರಾಕತ್ತೈತಿ! ಹೆಂಗ ತೇಲಿತು, ಆ ವಿಜ್ಞಾನ ಹೇಳಲಿಲ್ಲ. ನಾ ಕೇಳಲೂ ಇಲ್ಲ, ಮಂದಿ ನಗಿಗೆ ಉತ್ತರ ಸಿಕ್ಕಿತ್ತು.

ಅದೇ ವರ್ಷ, ಅದೇ ಸೀರಿಯಲ್. ಒಬ್ಬಾಕಿ ಹುಡುಗಿ ಕವಣಿಯೊಳಗ ಬಂಗಾರದ ನಾಣ್ಯ ಇಟ್ಟು ಹೊಡಿತಾಳ, ಎದಿಗೆ ತಾಗಿದ ಸೈಬರ್‌ಮನ್ ಧೊಪ್ಪಂತ ಬೀಳ್ತಾವ. ಪುಡಿ ಎಲ್ಲೋತು? ಉಸಿರು ಕಟ್ಟಿದ್ದು ಎಲ್ಲೋತು? ಬಂಗಾರ ಅನ್ನೂದು ಮಂತ್ರಿಸಿದ ಲಿಂಬಿಹಣ್ಣಾತು.

ಹಂಗಾದ್ರ ಇವು ರಾಯಚೂರು ಜಿಲ್ಲಾದಾಗ ಕಾಲಿಡೂದ ಬ್ಯಾಡ, ಹಟ್ಟಿ ಚಿನ್ನದ ಗಣಿ ಐತಿ. ನಮ್ಮ ಕೊಪ್ಪಳಕ್ಕ ಬಂದ್ರೂ ನಮ್ಮವ್ವ ಮೂಗುಬೊಟ್ಟು ಬಿಚ್ಚಿ ಒಗದ್ರ ಸಾಕು. ಅಂಥಾ ವಿಲನ್‌ಗೆ ಯಾರು ಅಂಜ್ತಾರ್ರಿ?