ಬ್ರೇಕ್ ಆಯಿಲ್ ಎಣ್ಣೆಯಲ್ಲ

ಎಲ್ಲರಿಗೂ ನಮಸ್ಕಾರ. ಶಾಲೆ ಶುರುವಾಗೋಕೆ ಇನ್ನು ಹತ್ತೇ ದಿನ. ಅದರ ಬೆನ್ನಿಗೇ ಮಳೆ. ಅಷ್ಟರೊಳಗೆ ನಿಮ್ಮನ್ನೆಲ್ಲ ಒಂದು ಕಡೆ ಕೂರಿಸಿ ಇದೊಂದು ವಿಷಯ ಹೇಳಲೇಬೇಕು ಅಂತ ನಿಮ್ಮ ಡ್ರೈವರುಗಳ ಸಂಘದವರನ್ನ ನಾನೇ ಕೇಳಿಕೊಂಡೆ. ಟಯರು, ವೈಪರು, ಹೆಡ್‌ಲೈಟಿನ ಬಗ್ಗೆ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆಗುಂಬೆ ಘಾಟಿಯ 14 ತಿರುವನ್ನೂ ಮಂಜಿನಲ್ಲಿ ಇಳಿಸಿ ಬಂದವರು ನೀವು. ನಾನು ಮಾತಾಡೋಕೆ ಬಂದಿರೋದು ಬಾನೆಟ್ ಎತ್ತಿದರೆ ಕಾಣೋ ಆ ಸಣ್ಣ ಡಬ್ಬಿಯ ಬಗ್ಗೆ. ಅದಕ್ಕೆ ಹಾಕೋಕೆ ಅಂತ ನಿಮ್ಮ ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಂಡಿರೋ ಅರ್ಧ ಬಾಟಲಿಯ ಬಗ್ಗೆ.

ನಾವೆಲ್ಲ ಅದನ್ನ ಬ್ರೇಕ್ ಆಯಿಲ್ ಅಂತೀವಿ. ಆ ಹೆಸರೇ ನಮ್ಮನ್ನ ಹಾಳು ಮಾಡಿದ್ದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕಾಲದಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಬ್ರೇಕಿಗೆ ಹಾಕ್ತಿದ್ದರು, ಆಗ ಆ ಮಾತಿಗೆ ಅರ್ಥ ಇತ್ತು. ಈಗ ನಿಮ್ಮ ಗಾಡಿಯಲ್ಲಿರೋದು ಗ್ಲೈಕಾಲ್ ಜಾತಿಯ ದ್ರವ, ಎಣ್ಣೆ ಅಲ್ಲ. ಎಣ್ಣೆ ನೀರಿನ ಜೊತೆ ಸೇರೋದಿಲ್ಲ. ಇದು ನೀರನ್ನ ಕರೆದು ಒಳಗೆ ಕೂರಿಸಿಕೊಳ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆಗೆದಿಟ್ಟರೆ ಏನಾಗ್ತದೆ? ಇದೂ ಹಾಗೇ.

ಒಂದು ಘಟನೆ ಹೇಳ್ತೀನಿ. ಸ್ವಲ್ಪ ಉದ್ದ, ಆದರೆ ಪೂರ್ತಿ ಹೇಳದೆ ಬಿಡೋದಿಲ್ಲ. ಐಟಿಐಗೆ ಪಾಠ ಮಾಡೋಕೆ ಹೋಗೋ ಮುಂಚೆ ನಾನು ಒಂದು ಗ್ಯಾರೇಜಿನಲ್ಲಿದ್ದೆ. ಒಂದು ಸಂಜೆ ಟ್ಯಾಕ್ಸಿಯವರೊಬ್ಬರು ಬಂದು, ನಾಳೆ ಉಡುಪಿಗೆ ಬಾಡಿಗೆ ಇದೆ, ಬ್ರೇಕ್ ಒಮ್ಮೆ ನೋಡು ಮಾರಾಯ ಅಂದರು. ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ಕಪಾಟಿನ ಮೇಲೆ ಒಂದು ಬಾಟಲಿ ಇತ್ತು, ಹಿಂದಿನ ಮಳೆಗಾಲದ್ದು. ಮುಚ್ಚಳ ಎಲ್ಲೋ ಬಿದ್ದು ಹೋಗಿತ್ತು, ಬಾಯಿಗೆ ಬಟ್ಟೆ ತುರುಕಿದ್ದರು. ಅದರಿಂದಲೇ ಸುರಿದೆ. ಒಳಗಿದ್ದದ್ದು ಎಷ್ಟು ವರ್ಷದ್ದು ಅಂತ ಕೇಳಲಿಲ್ಲ. ಒದ್ದೆಯ ಮೇಲೆ ಒದ್ದೆ ಹಾಕಿದೆ. ಪೆಡಲ್ ಒತ್ತಿ ನೋಡಿದರೆ ಕಲ್ಲಿನ ಹಾಗೆ ಗಟ್ಟಿ.

ಮಾರನೇ ದಿನ ಸೋಮೇಶ್ವರಕ್ಕೆ ಹೋಗೋದಿದ್ದ ನಾನೂ ಅದೇ ಕಾರು ಹತ್ತಿದೆ. ಹಿಂದಿನ ಸೀಟಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಟ್ಯಾಕ್ಸಿಯವರು ಗೇರು ಇಳಿಸದೆ, ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತಿಕೊಂಡೇ ಇಳಿದರು. ಅರ್ಧ ಘಾಟಿ ದಾಟಿದ ಮೇಲೆ ಪೆಡಲ್ ಹತ್ತಿಯ ಹಾಗಾಯ್ತು. ಮುಂದಿನ ತಿರುವಲ್ಲಿ ನೆಲಕ್ಕೇ ಹೋಯ್ತು. ಹ್ಯಾಂಡ್‌ಬ್ರೇಕ್ ಎಳಿ ಅಂತ ನಾನು ಕೂಗಿದೆ. ಅವರು ಒಂದನೇ ಗೇರಿಗೆ ಬಡಿದು ಗಾಡಿಯನ್ನ ಧರೆ ಕಡೆಯ ಚರಂಡಿಗೆ ಒರಗಿಸಿದರು. ಹ್ಯಾಂಡ್‌ಬ್ರೇಕ್ ಕೇಬಲ್ಲಿನದ್ದು, ಅದಕ್ಕೂ ಈ ದ್ರವಕ್ಕೂ ಸಂಬಂಧ ಇಲ್ಲ. ಅದಕ್ಕೇ ಬದುಕಿದೆವು. ಹಿಂದೆ ಕೂತಿದ್ದ ಅಜ್ಜಿಯೊಬ್ಬರು ಮಗುವನ್ನ ಅವುಚಿಕೊಂಡಿದ್ದ ರೀತಿ ನನಗೆ ಇವತ್ತೂ ಕಣ್ಣ ಮುಂದಿದೆ.

ಆಮೇಲಾಗಿದ್ದನ್ನ ಸರಿಯಾಗಿ ಕೇಳಿಸಿಕೊಳ್ಳಿ. ಒಂದು ಗಂಟೆ ನಿಲ್ಲಿಸಿದ್ದೆವು. ಪೆಡಲ್ ಒತ್ತಿದರೆ ಮತ್ತೆ ಕಲ್ಲು! ಎಲ್ಲೂ ಸೋರಿಲ್ಲ, ಮಟ್ಟ ಇಳಿದಿಲ್ಲ. ಸರಿಯಾಯ್ತಲ್ಲ, ಹೊರಡೋಣ ಅಂದರು. ಇಳಿಯೋಕೆ ಇನ್ನೂ ಘಾಟಿ ಉಳಿದಿತ್ತು. ಆಗಿದ್ದು ಇಷ್ಟು: ಬ್ರೇಕ್ ಕಾದಾಗ ದ್ರವದೊಳಗಿನ ನೀರು ಕುದಿದು ಆವಿಯಾಗ್ತದೆ. ದ್ರವವನ್ನ ಒತ್ತಿದರೆ ಒತ್ತಡ ಚಕ್ರಕ್ಕೆ ಮುಟ್ಟುತ್ತದೆ. ಆವಿಯನ್ನ ಒತ್ತಿದರೆ ಅದು ಕುಗ್ಗುತ್ತದೆ, ಅಷ್ಟೇ. ತಣಿದ ಮೇಲೆ ಆವಿ ಮತ್ತೆ ನೀರು, ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿಗೆ ತಂದು ತೋರಿಸಿದರೆ ಏನೂ ಸಿಗೋದಿಲ್ಲ. ಅಂಗಳದಲ್ಲಿ ಪೆಡಲ್ ಒತ್ತಿ ನೋಡಿ ಬ್ರೇಕ್ ಚೆನ್ನಾಗಿದೆ ಅನ್ನೋ ಮಾತನ್ನ ನಾನು ಅವತ್ತಿಂದ ಬಿಟ್ಟೆ.

ಲೆಕ್ಕ ಹೇಳ್ತೀನಿ, ಬೋರ್ಡಿನ ಮೇಲೂ ಬರೆದಿದ್ದೀನಿ. ಡಾಟ್ ಅಂದರೆ ಬಾಟಲಿಯ ಮೇಲೆ ಬರೆದಿರೋ ಬ್ರೇಕ್ ದ್ರವದ ದರ್ಜೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ನೀರು 3.7 ಶೇಕಡಾ ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ಒದ್ದೆಯಾದರೆ 155. 3.7 ಶೇಕಡಾ ಅಂದರೆ ಒಂದು ಲೀಟರಿಗೆ ಏಳೆಂಟು ಟೀ ಚಮಚ ನೀರು. ಅಷ್ಟಕ್ಕೇ 65, 75 ಡಿಗ್ರಿ ಹೋಯ್ತು. ಘಾಟಿಯಲ್ಲಿ ಡಿಸ್ಕ್ ನೂರಾರು ಡಿಗ್ರಿ ಕಾಯ್ತದೆ. ಗಾಡಿ ನಿಂತಲ್ಲೇ ನಿಂತಿದ್ದರೂ ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಗಾಳಿಕಂಡಿಯ ಮೂಲಕ ತೇವ ಒಳಗೆ ಹೋಗ್ತಾನೇ ಇರ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಅನ್ನೋದು. ನಮ್ಮ ಮಲೆನಾಡಿನ ಮಳೆಯಲ್ಲಿ ವರ್ಷಕ್ಕೊಮ್ಮೆ ಬದಲಿಸಿದರೂ ಹೆಚ್ಚಲ್ಲ ಅಂತ ನಾನಂತೀನಿ. ಕಪ್ಪಾಗಿಲ್ಲವಲ್ಲ ಅಂತ ಕೇಳಬೇಡಿ. ನೀರಿಗೆ ಬಣ್ಣ ಇಲ್ಲ.

ಇನ್ನು ಬಾಟಲಿ. ಸೀಲ್ ಒಡೆಯದ್ದಾದರೆ ಕೆಡೋದು ನಿಧಾನ. ಆದರೂ ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ, ಎರಡು ವರ್ಷ ದಾಟಿದ್ದರೆ ನಾನು ಮುಟ್ಟೋದಿಲ್ಲ. ಸೀಲ್ ಒಡೆದಿರೋ? ಅವತ್ತಿನ ಕೆಲಸಕ್ಕೆ ಮಾತ್ರ. ಉಳಿದದ್ದನ್ನ ಆಸೆಪಟ್ಟು ಇಡಬೇಡಿ. ಅದಕ್ಕೇ ಸಣ್ಣ ಬಾಟಲಿ ಕೊಳ್ಳಿ ಅನ್ನೋದು. ಕೂಲ್‌ಡ್ರಿಂಕ್ ಬಾಟಲಿಗೆ ಸುರಿದಂತೂ ಇಡಲೇಬೇಡಿ, ಅದು ವಿಷ, ಮನೆಯಲ್ಲಿ ಮಕ್ಕಳಿರ್ತಾರೆ.

ಯಾವುದಕ್ಕೆ ಯಾವುದು ಬೆರೀತದೆ ಅಂತ ಆಗಲೇ ಒಬ್ಬರು ಕೇಳಿದಿರಿ. ಡಾಟ್ 3, 4, 5.1 ಮೂರೂ ಒಂದೇ ಮನೆತನದವು, ಬೆರೆತರೆ ರಬ್ಬರಿಗೆ ತೊಂದರೆ ಇಲ್ಲ. ಆದರೆ 4 ಕೇಳೋ ಗಾಡಿಗೆ 3 ಹಾಕಿದರೆ ಕುದಿಯೋ ಮಟ್ಟ ಇಳೀತದೆ. ಬರೀ 5 ಅಂತ ಇದ್ದರೆ ಅದು ಸಿಲಿಕೋನ್, ಬೇರೆಯೇ ಜಾತಿ, ಇವುಗಳ ಜೊತೆ ಸೇರೋದಿಲ್ಲ. ಅದು ನೀರನ್ನ ಹೀರೋದಿಲ್ಲವಲ್ಲ, ಒಳ್ಳೇದೇ ಅಲ್ವಾ ಅನ್ನಿಸಬಹುದು. ಹೀರದ ನೀರು ಹನಿಯಾಗಿಯೇ ಉಳಿದು ತಗ್ಗಿಗೆ ಇಳಿದು, ಚಕ್ರದ ಹತ್ತಿರ ಡಿಸ್ಕನ್ನ ಅದುಮಿ ಹಿಡಿಯೋ ಕ್ಯಾಲಿಪರಿನಲ್ಲಿ ನಿಲ್ಲುತ್ತದೆ. ಅಲ್ಲೇ ತುಕ್ಕು, ಅಲ್ಲೇ ನೂರು ಡಿಗ್ರಿಗೆ ಕುದಿ. ಎಬಿಎಸ್ ಇರೋ ಗಾಡಿಗೆ ಅದು ಬೇಡವೇ ಬೇಡ. 5ಕ್ಕೂ 5.1ಕ್ಕೂ ನಡುವೆ ಇರೋದು ಒಂದು ಚುಕ್ಕೆ, ಕನ್ನಡಕ ಹಾಕಿಕೊಂಡು ಓದಿ.

ಮತ್ತೆ ಹೆಸರಿಗೇ ಬಂದೆ. ಆಯಿಲ್ ಅಂತ ಕರೆದದ್ದಕ್ಕೇ ಹುಡುಗನೊಬ್ಬ ಪವರ್ ಸ್ಟೀರಿಂಗ್ ಆಯಿಲನ್ನ ಅದೇ ಡಬ್ಬಿಗೆ ಸುರಿದದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಬ್ರೇಕಿನ ರಬ್ಬರು ಗ್ಲೈಕಾಲಿಗೆ ಒಗ್ಗಿದ್ದು. ಖನಿಜ ತೈಲ ತಾಗಿದರೆ ನೆನೆಸಿದ ಕಡಲೆಯ ಹಾಗೆ ಉಬ್ಬುತ್ತದೆ. ಹಿಡಿದ ಬ್ರೇಕ್ ಬಿಡೋದಿಲ್ಲ. ಮಾಸ್ಟರ್ ಸಿಲಿಂಡರ್, ಹೋಸು, ನಾಲ್ಕೂ ಚಕ್ರದ ವಾಷರು ಎಲ್ಲ ಹೊಸದು ಹಾಕಬೇಕಾಯ್ತು. ಎಂಜಿನ್ ಆಯಿಲ್ ಸುರಿದ ಲಾಳಿಕೆಯನ್ನೂ ಇದಕ್ಕೆ ಬಳಸಬೇಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ. ಬ್ರೇಕ್ ಪೈಪಿನೊಳಗೆ ಸೇರಿದ ಏರ್ ತೆಗೆಯೋ ಕ್ರಮ ಹೇಳಬೇಕು ಅಂತಿದ್ದೆ, ಅದು ಗಾಡಿಯಿಂದ ಗಾಡಿಗೆ ಬೇರೆ, ಕೈಪಿಡಿ ನೋಡಿ. ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರೀರಿ. ಮಟ್ಟ ಇಳಿದರೆ ಮೊದಲು ಪ್ಯಾಡ್ ನೋಡಿ, ಸವೆದಷ್ಟೂ ಮಟ್ಟ ಇಳೀತದೆ. ಪ್ಯಾಡ್ ಸರಿ ಇದ್ದರೆ ಎಲ್ಲಿ ಸೋರ್ತಿದೆ ಅಂತ ಹುಡುಕಿ.

ಹೊರಗೆ ಮೇಜಿನ ಮೇಲೆ ಕುದಿಬಿಂದು ಅಳೆಯೋ ಟೆಸ್ಟರ್ ಇಟ್ಟಿದ್ದೀನಿ, ಐಟಿಐನ ಹುಡುಗರೂ ಬಂದಿದ್ದಾರೆ. ಊಟಕ್ಕೆ ಮುಂಚೆ ಬಾನೆಟ್ ಎತ್ತಿ ನಿಲ್ಲಿಸಿ. ಸ್ಕೂಲ್ ವ್ಯಾನಿನವರು ಮೊದಲು ಬನ್ನಿ.